ಬಿಸಿಲು, ನೀರು, ಒಂದು ಚಿಟಿಕೆ ಪುಡಿ: ಈ ತಿಂಗಳ ಪ್ರಶ್ನೋತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಡಿಯೋ ಹಿಡ್ಕೊಂಡು ಬಂದಿವೆ. ನಿಮಗೂ ಯಾವುದಾದ್ರೂ ಫ್ಯಾಮಿಲಿ ಗ್ರೂಪಲ್ಲಿ ಬಂದಿರತ್ತೆ: ಒಂದು ಗಾಜಿನ ಪಾತ್ರೆ, ಅದರಲ್ಲಿ ಹಳದಿ ಪುಡಿ ಕಲಸಿದ ನೀರು, ಬಿಸಿಲಿಗೆ ಇಟ್ಟಿದ್ದೇ ತಡ ಬುಳುಬುಳು ಅಂತ ಗುಳ್ಳೆ, ಕೆಳಗೆ 'ಪೆಟ್ರೋಲ್ ಕಥೆ ಮುಗೀತು, ಇನ್ಮೇಲೆ ನೀರಿಂದ್ಲೇ ಹೈಡ್ರೋಜನ್' ಅಂತ ಕ್ಯಾಪ್ಶನ್. ಹಾಗಾಗಿ ಬೇರೆ ಪ್ರಶ್ನೆಗಳನ್ನ ಪಕ್ಕಕ್ಕಿಟ್ಟು (ಅಡುಗೆಮನೆ ಜಿರಳೆ ಬಗ್ಗೆ ಕೇಳಿದ್ದ ಜಯನಗರದವರೇ, ಮುಂದಿನ ತಿಂಗಳು ಖಂಡಿತ) ಇದನ್ನೇ ತಗೊಂಡಿದೀನಿ.

ಪ್ರ: ಬಿಸಿಲು ಬಿದ್ರೆ ನೀರು ಒಡೆದು ಹೈಡ್ರೋಜನ್ ಆಗತ್ತೆ ಅನ್ನೋದಾದ್ರೆ ನಮ್ಮ ಸ್ಯಾಂಕಿ ಕೆರೆ ಇಷ್ಟೊತ್ತಿಗೆ ಗ್ಯಾಸ್ ಆಗಿ ಹಾರಿ ಹೋಗ್ಬೇಕಿತ್ತಲ್ವಾ? (ದ್ವಿತೀಯ ಪಿಯು ವಿದ್ಯಾರ್ಥಿನಿ, ಮಲ್ಲೇಶ್ವರಂ)

ಉ: ಸಕತ್ ಪ್ರಶ್ನೆ ಕಣಮ್ಮ, ಪರೀಕ್ಷೆಯಲ್ಲಿ ಬರಲ್ಲ, ಬರ್ಬೇಕಿತ್ತು. ನೀರು ಒಡೆಯೋಕೆ ಒಂದೊಂದು ಎಲೆಕ್ಟ್ರಾನ್ ಲೆಕ್ಕಕ್ಕೆ ಕನಿಷ್ಠ 1.23 ಎಲೆಕ್ಟ್ರಾನ್ ವೋಲ್ಟ್ ಎನರ್ಜಿ ಬೇಕು, ಕಣ್ಣಿಗೆ ಕಾಣೋ ಬೆಳಕಲ್ಲಿ ಅತಿ ಬಡಪಾಯಿ ಅಂದ್ರೆ ಕೆಂಪು, ಅದರ ಫೋಟಾನ್ (ಬೆಳಕಿನ ಒಂದು ಕಣ) ಹತ್ರಾನೂ ಇದಕ್ಕಿಂತ ಜಾಸ್ತಿನೇ ಇರತ್ತೆ. ಅಂದ್ರೆ ಗಿರಾಕಿ ಜೇಬಲ್ಲಿ ದುಡ್ಡಿದೆ, ಆದ್ರೆ ಅಂಗಡಿಯವನು ತಗೊಳಲ್ಲ. ನೀರು ಆ ಬೆಳಕನ್ನ ಹೀರ್ಕೊಳೋದೇ ಇಲ್ಲ, ಬೆಳಕು ತೂರ್ಕೊಂಡು ಆ ಕಡೆ ಹೋಗ್ಬಿಡತ್ತೆ, ಅದಕ್ಕೇ ತಾನೇ ನೀರು ತಿಳಿಯಾಗಿ ಕಾಣೋದು.

ಹಾಗಾಗಿ ಮಧ್ಯೆ ಒಬ್ಬ ದಲ್ಲಾಳಿ ಬೇಕು, ಅದೇ ಆ ಪುಡಿ. ನಿಮ್ಮ ಪಠ್ಯದಲ್ಲಿ ವೇಗವರ್ಧಕ ಅಂತ ಓದಿರ್ತೀಯ, ಇದು ಬೆಳಕಿಂದ ಕೆಲಸ ಮಾಡೋದ್ರಿಂದ ದ್ಯುತಿ ವೇಗವರ್ಧಕ, ಲ್ಯಾಬಲ್ಲಿ ಎಲ್ಲರೂ ಫೋಟೋಕ್ಯಾಟಲಿಸ್ಟ್ ಅಂತಲೇ ಅನ್ನೋದು. ಇದು ಸೆಮಿಕಂಡಕ್ಟರ್, ಅಂದ್ರೆ ಕರೆಂಟನ್ನ ಪೂರ್ತಿ ಬಿಡದ, ಪೂರ್ತಿ ತಡೆಯದ ಅರೆವಾಹಕ. ಬೆಳಕು ಬಿದ್ರೆ ಒಳಗಿನ ಒಂದು ಎಲೆಕ್ಟ್ರಾನ್ ಎದ್ದು ಮೇಲಿನ ಮಟ್ಟಕ್ಕೆ ಹೋಗತ್ತೆ, ಅದು ಕೂತಿದ್ದ ಜಾಗ ಖಾಲಿ ಬೀಳತ್ತೆ, ಆ ಖಾಲಿ ಜಾಗಕ್ಕೆ ಹೋಲ್ ಅಂತ ಹೆಸರು. ಎದ್ದ ಎಲೆಕ್ಟ್ರಾನ್ ಪುಡಿಯ ಮೇಲ್ಮೈಗೆ ಬಂದು ಹೈಡ್ರೋಜನ್ ಮಾಡತ್ತೆ, ಹೋಲ್ ಇನ್ನೊಂದು ಕಡೆ ಬಂದು ನೀರಿಂದ ಎಲೆಕ್ಟ್ರಾನ್ ಕಿತ್ಕೊಂಡು ಆಮ್ಲಜನಕ ಮಾಡತ್ತೆ. ಇದು ಸಿನಿಮಾದ ಟ್ರೇಲರ್, ಅಸಲಿ ಸಿನಿಮಾದಲ್ಲಿ ಏನಾಗತ್ತೆ ಅಂದ್ರೆ ಮೆಜೆಸ್ಟಿಕ್ ಬಸ್ಸಲ್ಲಿ ಸ್ಟಾಪ್ ಬಂತು ಅಂತ ಎದ್ದೋರು ಅಯ್ಯೋ ಇದಲ್ಲ ಅಂತ ಮತ್ತೆ ಅದೇ ಸೀಟಲ್ಲಿ ಕೂತ್ಕೊಂಡ ಹಾಗೆ, ಬಹಳಷ್ಟು ಎಲೆಕ್ಟ್ರಾನ್‌ಗಳು ಮೇಲ್ಮೈ ಮುಟ್ಟೋ ಮುಂಚೆನೇ ವಾಪಸ್ ಹೋಲ್ ಒಳಗೆ ಬಿದ್ದು ಎನರ್ಜಿ ಎಲ್ಲಾ ಬಿಸಿಯಾಗಿ ಹೋಗತ್ತೆ.

ಇದನ್ನ ಜಗತ್ತಿಗೆ ತೋರಿಸಿದ್ದು ಜಪಾನಿನ ಅಕಿರ ಫುಜಿಶಿಮ ಮತ್ತು ಕೆನಿಚಿ ಹೊಂಡ, 1972ರಲ್ಲಿ ನೇಚರ್ ಪತ್ರಿಕೆಯಲ್ಲಿ. ಅವರದ್ದು ಪುಡಿ ಅಲ್ಲ, ಟೈಟೇನಿಯಂ ಡೈಆಕ್ಸೈಡ್ ಎಲೆಕ್ಟ್ರೋಡು, ಅದಕ್ಕೆ ತಂತಿ ಕಟ್ಟಿ ಆ ಕಡೆ ಪ್ಲಾಟಿನಂ. ಮರುವರ್ಷವೇ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದ್ವಲ್ಲ, ಇದರ ಮೇಲೆ ಎಲ್ಲರ ಕಣ್ಣು ಬಿತ್ತು. ತೊಂದರೆ ಏನಪ್ಪಾ ಅಂದ್ರೆ ಟೈಟೇನಿಯಂ ಡೈಆಕ್ಸೈಡ್‌ನ ಎಲೆಕ್ಟ್ರಾನ್ ಎಬ್ಬಿಸೋಕೆ 3ಕ್ಕಿಂತ ಜಾಸ್ತಿ ಎಲೆಕ್ಟ್ರಾನ್ ವೋಲ್ಟ್ ಬೇಕು, ಅಂದ್ರೆ ಹೆಚ್ಚುಕಮ್ಮಿ ಅಲ್ಟ್ರಾವಯಲೆಟ್ಟೇ ಆಗ್ಬೇಕು, ನಮ್ಮ ಬಿಸಿಲಲ್ಲಿ ಅದು ನೂರಕ್ಕೆ ನಾಲ್ಕೈದು ಭಾಗ ಅಷ್ಟೇ.

ಪ್ರ: ಟೈಟೇನಿಯಂ ಡೈಆಕ್ಸೈಡ್ ಅಂದ್ರೆ ನಾವು ಮಾರೋ ವೈಟ್ ಪೇಂಟಲ್ಲಿ ಇರೋದೇ ಅಲ್ವಾ ಸಾರ್? ಹಾಗಾದ್ರೆ ಮಳೆ ಬಿದ್ದು ಬಿಸಿಲು ಬಂದ್ರೆ ಗೋಡೆನೂ ಹೈಡ್ರೋಜನ್ ಬಿಡತ್ತಾ? (ಪೇಂಟ್ ಅಂಗಡಿ, ವಿಜಯನಗರ)

ಉ: ಅದೇ ಪದಾರ್ಥ, ಆದ್ರೆ ಬಿಡಲ್ಲ. ಪೇಂಟ್ ಕಂಪನಿಯವರು ಅದರ ಒಂದೊಂದು ಕಣದ ಮೇಲೂ ಸಿಲಿಕಾ, ಅಲ್ಯುಮಿನಾ ತೆಳುವಾಗಿ ಹೊದಿಸಿರ್ತಾರೆ, ಯಾಕಂದ್ರೆ ಅದನ್ನ ಹಾಗೇ ಬಿಟ್ರೆ ಬಿಸಿಲಿಗೆ ಅದು ನೀರಿಗಿಂತ ಮುಂಚೆ ಸುತ್ತ ಇರೋ ಪೇಂಟಿನ ಅಂಟನ್ನೇ ತಿನ್ನೋಕೆ ಶುರು ಮಾಡತ್ತೆ. ಹಳೇ ಕಾಂಪೌಂಡ್ ಗೋಡೆಗೆ ಒರಗಿಕೊಂಡ್ರೆ ಶರ್ಟಿಗೆ ಬಿಳಿ ಪುಡಿ ಹತ್ತತ್ತೆ ನೋಡಿ, ನೀವು ಚಾಕಿಂಗ್ ಅಂತ ಕರೆಯೋದು, ಅದರಲ್ಲಿ ಇದರ ಕೈವಾಡಾನೂ ಇರತ್ತೆ. ಅಂದ್ರೆ ನಿಮ್ಮ ಫೀಲ್ಡಲ್ಲಿ ಇಷ್ಟು ವರ್ಷ ಯಾವ ಗುಣವನ್ನ ಅದುಮಿ ಇಡೋಕೆ ದುಡ್ಡು ಸುರಿದಿದಾರೋ ಅದೇ ಗುಣವನ್ನ ಎಬ್ಬಿಸೋಕೆ ಈ ಹೈಡ್ರೋಜನ್ ವಿಜ್ಞಾನಿಗಳು ಒದ್ದಾಡ್ತಿರೋದು.

ಪ್ರ: ಆ ವಿಡಿಯೋದಲ್ಲಿರೋ ಹಳದಿ ಪುಡಿ ಏನು? ಅದು ನಿಜಾನಾ? ನಾನು ಕೆಮಿಸ್ಟ್ರಿ ಎಂಎಸ್ಸಿ ಮಾಡ್ತಿದೀನಿ, ಇದರಲ್ಲೇ ಪ್ರಾಜೆಕ್ಟ್ ಮಾಡೋ ಆಸೆ. (ವಿದ್ಯಾರ್ಥಿ, ಹೆಬ್ಬಾಳ)

ಉ: ಹಳದಿ ಅಂದ್ರೆ ಸಾಮಾನ್ಯವಾಗಿ ಎರಡರಲ್ಲಿ ಒಂದು. ಕ್ಯಾಡ್ಮಿಯಂ ಸಲ್ಫೈಡ್ ಇರ್ಬೇಕು, ಇಲ್ಲಾ ಕಾರ್ಬನ್ ನೈಟ್ರೈಡ್. ಎರಡನೇದು ಮಜಾ, ಯೂರಿಯಾ ಇದೆಯಲ್ಲ, ಹೊಲಕ್ಕೆ ಹಾಕೋ ಯೂರಿಯಾ, ಅದನ್ನ ಮುಚ್ಚಿದ ಕ್ರೂಸಿಬಲ್ಲಲ್ಲಿ 550 ಡಿಗ್ರಿ ಆಸುಪಾಸು ಕಾಯಿಸಿದ್ರೆ ತಳದಲ್ಲಿ ತಿಳಿಹಳದಿ ಪುಡಿ ಉಳಿಯತ್ತೆ, ಅಮೋನಿಯಾ ವಾಸನೆಗೆ ಇಡೀ ಕಾರಿಡಾರ್ ಬೈಕೊಳತ್ತೆ, ಅದು ಬೇರೆ. ಇದು ಕಣ್ಣಿಗೆ ಕಾಣೋ ಬೆಳಕಲ್ಲೂ ಹೈಡ್ರೋಜನ್ ಕೊಡತ್ತೆ ಅಂತ ಗೊತ್ತಾಗಿದ್ದು 2009ರಲ್ಲಿ.

ವಿಡಿಯೋ ನಿಜಾನಾ ಅಂದ್ರೆ, ಗುಳ್ಳೆ ನಿಜ. ಆದ್ರೆ ಸ್ಟೀಲ್ ಲೋಟದಲ್ಲಿ ನೀರು ತುಂಬಿ ತಾರಸಿ ಬಿಸಿಲಲ್ಲಿ ಅರ್ಧ ಗಂಟೆ ಇಡು, ಒಳಗಡೆ ಅಂಚಿಗೆ ಸಣ್ಣ ಸಣ್ಣ ಗುಳ್ಳೆ ಕೂತಿರತ್ತೆ, ನೀರಲ್ಲಿ ಕರಗಿದ್ದ ಗಾಳಿ ಬಿಸಿಗೆ ಹೊರಗೆ ಬಂದಿದ್ದು ಅಷ್ಟೇ. ಗುಳ್ಳೆ ನೋಡಿ ಏನನ್ನೂ ಹೇಳೋಕಾಗಲ್ಲ. ಕೇಳ್ಬೇಕಾದ ಪ್ರಶ್ನೆ ಹೈಡ್ರೋಜನ್ ಎಷ್ಟು ಬಂತು ಅಂತಾನೂ ಅಲ್ಲ, ಆಮ್ಲಜನಕ ಎಲ್ಲಿ ಹೋಯ್ತು ಅಂತ. ನೀರು ಒಡೆದಿದ್ರೆ ಎರಡು ಪಾಲು ಹೈಡ್ರೋಜನ್‌ಗೆ ಒಂದು ಪಾಲು ಆಮ್ಲಜನಕ ಬರ್ಲೇಬೇಕು, ತಪ್ಪಿಸಿಕೊಳೋ ಹಾಗೇ ಇಲ್ಲ.

ನನ್ನ ಕಥೆನೇ ಹೇಳ್ತೀನಿ. ಓದೋ ಕಾಲದಲ್ಲಿ ಇದೇ ಊರಿನ ಒಂದು ಲ್ಯಾಬಲ್ಲಿ ಆರು ತಿಂಗಳು ಇದೇ ಕೆಲಸ. ಕ್ವಾರ್ಟ್ಜ್ ಫ್ಲಾಸ್ಕು, ಮೇಲೆ ರಬ್ಬರ್ ಬಿರಡೆ, ಪಕ್ಕದಲ್ಲಿ 300 ವ್ಯಾಟ್ ಕ್ಸೆನಾನ್ ದೀಪ, ಗಂಟೆಗೊಂದ್ಸಲ ಸಿರಿಂಜ್ ಚುಚ್ಚಿ ಗ್ಯಾಸ್ ಎಳೆದು, ಯಾವ ಗ್ಯಾಸ್ ಎಷ್ಟಿದೆ ಅಂತ ಗ್ರಾಫಲ್ಲಿ ಏರು (ಪೀಕು) ಬರೆದು ತೋರಿಸೋ ಕ್ರೊಮಾಟೋಗ್ರಾಫ್‌ಗೆ ಬಿಡೋದು. ಮೊದಲು ಎಲ್ಲರ ಹಾಗೆ ನಾನೂ ನೀರಿಗೆ ಮೆಥನಾಲ್ ಬೆರೆಸ್ತಿದ್ದೆ, ಹೈಡ್ರೋಜನ್ ಪೀಕು ಉತ್ತರಹಳ್ಳಿ ಗುಡ್ಡದ ಥರ ಏಳೋದು, ಖುಷಿಯೋ ಖುಷಿ. ಆಮೇಲೆ ಗೊತ್ತಾಗಿದ್ದು, ಹೋಲ್‌ಗಳು ನೀರನ್ನ ಮುಟ್ತಾನೇ ಇರ್ಲಿಲ್ಲ, ಮೆಥನಾಲ್ ತಿನ್ಕೊಂಡು ಆರಾಮಾಗಿದ್ವು. ಇದಕ್ಕೆ ಸ್ಯಾಕ್ರಿಫಿಶಿಯಲ್ ಏಜೆಂಟ್ ಅಂತಾರೆ, ಬಲಿಪಶು ಅಂದ್ಕೊಳಿ. ಎಲೆಕ್ಟ್ರಾನ್ ಭಾಗ ಹೇಗೆ ಕೆಲಸ ಮಾಡತ್ತೆ ಅಂತ ಬಿಡಿಸಿ ನೋಡೋಕೆ ಅದು ಒಳ್ಳೇ ಉಪಾಯ, ಆದ್ರೆ ಇಂಧನ ಮಾಡ್ತೀನಿ ಅನ್ನೋದಾದ್ರೆ ತುಪ್ಪ ಸುಟ್ಟು ಸೀಮೆಎಣ್ಣೆ ತೆಗೆದ ಹಾಗೆ.

ಸರಿ ಅಂತ ಮೆಥನಾಲ್ ಬಿಟ್ಟು ಬರೀ ನೀರಲ್ಲಿ ಮಾಡಿದೆ, ಒಂದಿನ ಹೈಡ್ರೋಜನ್ ಚೂರು, ಪಕ್ಕದಲ್ಲಿ ಆಮ್ಲಜನಕದ ಪೀಕು ಜೋರಾಗಿ ಬಂತು, ಕುಣಿದಾಡಿ ಕ್ಯಾಂಟೀನಲ್ಲಿ ನಾಲ್ಕು ಜನಕ್ಕೆ ಕಾಫಿ ಕುಡಿಸಿಬಿಟ್ಟೆ. ಗೈಡ್ ಬಂದು ಪ್ರಿಂಟೌಟ್ ನೋಡಿ ಒಂದೇ ಮಾತು ಕೇಳಿದ್ರು, "ಪಕ್ಕದಲ್ಲಿ ನೈಟ್ರೋಜನ್ ಎಷ್ಟಿದೆ?" ನೋಡಿದ್ರೆ ಆಮ್ಲಜನಕದ ಹೆಚ್ಚುಕಮ್ಮಿ ನಾಲ್ಕರಷ್ಟು. ಅಂದ್ರೆ ಅದು ರೂಮಿನ ಗಾಳಿ! ಚುಚ್ಚಿ ಚುಚ್ಚಿ ರಬ್ಬರ್ ಬಿರಡೆ ಜರಡಿ ಆಗಿತ್ತು. ನೀನು ಪ್ರಾಜೆಕ್ಟ್ ತಗೊಂಡ್ರೆ ಬಿರಡೆ ಆಗಾಗ ಬದಲಾಯಿಸು, ನೈಟ್ರೋಜನ್ ಪೀಕ್ ನೋಡದೆ ಯಾರಿಗೂ ಕಾಫಿ ಕುಡಿಸ್ಬೇಡ.

ಆಮ್ಲಜನಕ ಯಾಕೆ ಇಷ್ಟು ಸತಾಯಿಸತ್ತೆ ಅಂದ್ರೆ, ಹೈಡ್ರೋಜನ್ ಅಣು ಒಂದಕ್ಕೆ ಎರಡು ಎಲೆಕ್ಟ್ರಾನ್ ಸಾಕು, ಆಮ್ಲಜನಕದ ಅಣು ಒಂದು ಹೊರಗೆ ಬರೋಕೆ ನಾಲ್ಕು ಹೋಲ್ ಒಂದೇ ಜಾಗದಲ್ಲಿ ಒಂದರ ಹಿಂದೆ ಒಂದು ಕೆಲಸ ಮಾಡ್ಬೇಕು. ಅಷ್ಟೊತ್ತು ಕಾಯ್ತಾ ಕೂತ ಹೋಲ್ ಸುಮ್ನಿರಲ್ಲ, ಕ್ಯಾಡ್ಮಿಯಂ ಸಲ್ಫೈಡ್ ಆದ್ರೆ ತನ್ನದೇ ಮನೆಯ ಸಲ್ಫೈಡ್ ಕಿತ್ತು ತಿನ್ನತ್ತೆ, ಪುಡಿ ಕರಗ್ತಾ ವಿಷದ ಕ್ಯಾಡ್ಮಿಯಂ ನೀರಿಗೆ ಬಿಡತ್ತೆ.

ಪ್ರ: ಪ್ರತಿಯೊಂದು ಹುಲ್ಲಿನ ಎಲೆನೂ ಬಿಸಿಲಲ್ಲಿ ನೀರು ಒಡೀತಿದೆ. ಹುಲ್ಲಿಗೆ ಆಗೋದು ವಿಜ್ಞಾನಿಗಳಿಗೆ ಯಾಕೆ ಆಗ್ತಿಲ್ಲ? (ನಿವೃತ್ತ ಮೇಷ್ಟ್ರು, ಬಸವನಗುಡಿ)

ಉ: ಮೇಷ್ಟ್ರೇ, ಹುಲ್ಲಿಗೂ ಸುಲಭ ಏನಲ್ಲ, ಮೇಲೆ ಹೇಳಿದ ಹೋಲ್ ಕಾಟ ಅದಕ್ಕೂ ಇದೆ. ಎಲೆ ಒಳಗೆ ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಇರೋ ಒಂದು ಪುಟ್ಟ ಗೊಂಚಲು ನೀರು ಒಡೆದು ಆಮ್ಲಜನಕ ಬಿಡತ್ತೆ, ನಾವು ಉಸಿರಾಡ್ತಿರೋದೇ ಅದರ ಕೃಪೆಯಿಂದ. ಆದ್ರೆ ಆ ಕೆಲಸದಲ್ಲಿ ಪಕ್ಕದ ಪ್ರೋಟೀನು, ಡಿ1 ಅಂತ ಅದರ ಹೆಸರು, ಸುಟ್ಟು ಹಾಳಾಗ್ತಾನೇ ಇರತ್ತೆ, ಬಿಸಿಲು ಜೋರಿದ್ರೆ ಸುಮಾರು ಅರ್ಧ ಗಂಟೆಗೊಂದ್ಸಲ ಗಿಡ ಹಳೇದು ಕಿತ್ತು ಹೊಸದು ಕೂರಿಸತ್ತೆ. ಗಿಡದ ಒಳಗೆ ಇಪ್ಪತ್ನಾಲ್ಕು ಗಂಟೆ ಮೆಕ್ಯಾನಿಕ್ ಇದಾನೆ, ನಮ್ಮ ಪುಡಿಗೆ ಇಲ್ಲ. ಇನ್ನೊಂದು, ಎಲೆ ಹೈಡ್ರೋಜನ್ ಗ್ಯಾಸ್ ಮಾಡೋ ತಂಟೆಗೇ ಹೋಗಲ್ಲ, ಅದನ್ನ ಇಂಗಾಲದ ಜೊತೆ ಸೇರಿಸಿ ಸಕ್ಕರೆ ಮಾಡ್ಕೊಳತ್ತೆ. ನನ್ನ ಕೇಳಿದ್ರೆ ಅದೇ ಬುದ್ಧಿವಂತಿಕೆ.

ಪ್ರ: ನಮ್ಮದು 30×40 ಸೈಟು, ಮೇಲೆ ತಾರಸಿ ಖಾಲಿ ಇದೆ. ಈ ಪುಡಿ ಹಚ್ಚಿದ ಶೀಟ್ ಹಾಕಿದ್ರೆ ದಿನಕ್ಕೆ ಎಷ್ಟು ಹೈಡ್ರೋಜನ್ ಬರತ್ತೆ? ಅಡುಗೆ ಗ್ಯಾಸ್ ಬಿಡಿಸ್ಬೋದಾ? (ಗೃಹಸ್ಥರು, ರಾಜರಾಜೇಶ್ವರಿ ನಗರ)

ಉ: ಪೆನ್ನು ತಗೊಳಿ, ಲೆಕ್ಕ ಮಾಡೋಣ. ನೀರಿನ ಟ್ಯಾಂಕು, ಸೋಲಾರ್ ಹೀಟರು, ಬಟ್ಟೆ ಒಣಗಿಸೋ ತಂತಿ ಎಲ್ಲಾ ಬಿಟ್ಟು 50 ಚದರ ಮೀಟರ್ ಸಿಗತ್ತೆ ಅಂದ್ಕೊಳೋಣ. ಬೆಂಗಳೂರಲ್ಲಿ ವರ್ಷದ ಸರಾಸರಿ ತಗೊಂಡ್ರೆ ಚದರ ಮೀಟರಿಗೆ ದಿನಕ್ಕೆ 5 ಯೂನಿಟ್ ಆಸುಪಾಸು ಬಿಸಿಲು ಬೀಳತ್ತೆ, ಅಂದ್ರೆ ನಿಮ್ಮ ತಾರಸಿಗೆ 250 ಯೂನಿಟ್. ಆ ಬಿಸಿಲಲ್ಲಿ ನೂರಕ್ಕೆ ಎಷ್ಟು ಹೈಡ್ರೋಜನ್ ಆಗಿ ಉಳಿಯತ್ತೆ ಅನ್ನೋದೇ ಇಡೀ ಆಟ.

ಇಲ್ಲಿವರೆಗೆ ಬಯಲಲ್ಲಿ ದೊಡ್ಡದಾಗಿ ಮಾಡಿ ತೋರಿಸಿದ್ದು ಅಂದ್ರೆ ಜಪಾನಿನ ಕಜುನಾರಿ ದೊಮೆನ್ ಅವರ ತಂಡ, ಅಲ್ಯುಮಿನಿಯಂ ಬೆರೆಸಿದ ಸ್ಟ್ರಾನ್ಶಿಯಂ ಟೈಟನೇಟ್ ಪುಡಿ ಹಚ್ಚಿದ 100 ಚದರ ಮೀಟರ್ ಪ್ಯಾನೆಲ್, 2021ರಲ್ಲಿ ಪ್ರಕಟ ಆಯ್ತು, ಗರಿಷ್ಠ ಸಿಕ್ಕಿದ್ದು ಶೇಕಡಾ 0.76. ತಮಾಷೆ ನೋಡಿ, ಅದೇ ಪದಾರ್ಥ ಲ್ಯಾಬಲ್ಲಿ 350 ನ್ಯಾನೋಮೀಟರ್ ಸುತ್ತಮುತ್ತಲ ಅಲ್ಟ್ರಾವಯಲೆಟ್‌ನಲ್ಲಿ ನೂರು ಫೋಟಾನ್‌ಗೆ 96ರವರೆಗೂ ಕೆಲಸಕ್ಕೆ ಹಚ್ಚಿತ್ತು, ಬಸ್ಸಲ್ಲಿ ವಾಪಸ್ ಕೂತ್ಕೊಳೋರ ಸಮಸ್ಯೆ ಹೆಚ್ಚುಕಮ್ಮಿ ಬಗೆಹರಿದ ಹಾಗೇ. ಆದ್ರೆ ಬಿಸಿಲಲ್ಲಿ ಆ ಅಲ್ಟ್ರಾವಯಲೆಟ್ ಇರೋದೇ ಕಮ್ಮಿಯಲ್ಲ, ಹಾಗಾಗಿ 96 ಹೋಗಿ 0.76. ಪತ್ರಿಕೆ ಹೆಡ್ಡಿಂಗಲ್ಲಿ ಯಾವ ನಂಬರ್ ಹಾಕಿದಾರೆ ಅಂತ ಇನ್ಮೇಲೆ ನೋಡ್ಕೊಳಿ. ಅಮೆರಿಕದ ಮಿಶಿಗನ್ ಯೂನಿವರ್ಸಿಟಿಯವರು 2023ರಲ್ಲಿ ಶೇಕಡಾ 9.2 ಮುಟ್ಟಿದ್ರು, ಆದ್ರೆ ಅದು ಬೆಳಕನ್ನ ಒಂದೇ ಕಡೆ ಗುಡ್ಡೆ ಮಾಡಿ, 70 ಡಿಗ್ರಿ ಬಿಸಿಯಲ್ಲಿ, ಇಂಡಿಯಂ ಗ್ಯಾಲಿಯಂ ನೈಟ್ರೈಡ್‌ನ ನ್ಯಾನೋ ತಂತಿ ಬೆಳೆಸಿದ ಪುಟ್ಟ ಬಿಲ್ಲೆ ಮೇಲೆ.

ನಾವು ಧಾರಾಳವಾಗಿ ಶೇಕಡಾ 1 ಹಿಡಿಯೋಣ. ನಿಮಗೆ ದಿನಕ್ಕೆ 2.5 ಯೂನಿಟ್, ಅಂದ್ರೆ ಸುಮಾರು 75 ಗ್ರಾಂ ಹೈಡ್ರೋಜನ್. ಅಡುಗೆ ಗ್ಯಾಸ್ ಲೆಕ್ಕದಲ್ಲಿ 200 ಗ್ರಾಂ ಹತ್ರ, ಬೆಳಗ್ಗೆ ಉಪ್ಪಿಟ್ಟು ಕಾಫಿ, ಮಧ್ಯಾಹ್ನಕ್ಕೆ ಅನ್ನ ಸಾರು ಆಗ್ಬೋದು, ರಾತ್ರಿ ಮುದ್ದೆಗೆ ಡೌಟು. ಕಾರಿಗೆ ಹಾಕ್ತೀನಿ ಅಂದ್ರೆ, ಟೊಯೋಟಾದ ಹೈಡ್ರೋಜನ್ ಕಾರು ಮಿರಾಯ್ 5.6 ಕೆಜಿಗೆ 600 ಕಿಲೋಮೀಟರ್ ಮೇಲೆ ಓಡತ್ತೆ, ಆ ಲೆಕ್ಕದಲ್ಲಿ ನಿಮ್ಮ 75 ಗ್ರಾಂಗೆ ಎಂಟು ಕಿಲೋಮೀಟರ್, ಆರ್ಚ್ ದಾಟಿ ಹೊರಟ್ರೆ ಮೆಜೆಸ್ಟಿಕ್ ಮುಟ್ಟೋ ಮುಂಚೆ ನಿಂತೋಗತ್ತೆ. ಅದೂ ಆ ಗ್ಯಾಸನ್ನ ಟ್ಯಾಂಕಿಗೆ ಒತ್ತಿ ತುಂಬೋ ಖರ್ಚು ಲೆಕ್ಕಕ್ಕೆ ಹಿಡೀದೆ.

ಈಗ ಅದೇ ಜಾಗದಲ್ಲಿ ಮಾಮೂಲಿ ಸೋಲಾರ್ ಪ್ಯಾನೆಲ್ ಹಾಕಿ, ದಿನಕ್ಕೆ 40 ಯೂನಿಟ್ ಹತ್ರ ಕರೆಂಟು. ಹೈಡ್ರೋಜನ್ನೇ ಬೇಕು ಅಂತ ಹಠ ಇದ್ರೆ ಆ ಕರೆಂಟನ್ನ ನೀರು ಒಡೆಯೋ ಯಂತ್ರ ಎಲೆಕ್ಟ್ರೋಲೈಸರ್‌ಗೆ ಕೊಡಿ, ಕೆಜಿಗೆ 50 ರಿಂದ 55 ಯೂನಿಟ್ ಕುಡಿಯತ್ತೆ, ಅಂದ್ರೂ ಮುಕ್ಕಾಲು ಕೆಜಿ ಬರತ್ತೆ, ಪುಡಿಯ ಹತ್ತು ಪಟ್ಟು. ಹಾಗಾದ್ರೆ ಪುಡಿ ಹಿಂದೆ ಯಾಕೆ ಬಿದ್ದಿದಾರೆ ಅಂತ ಕೇಳ್ತೀರ. ಪ್ಯಾನೆಲ್ಲು, ಇನ್ವರ್ಟರು, ಎಲೆಕ್ಟ್ರೋಲೈಸರು ಯಾವುದೂ ಬೇಡದೆ ಪುಡಿ ಬಳಿದ ಒಂದು ಶೀಟ್ ಸಾಕು ಅಂತಾದ್ರೆ ಎಕರೆಗಟ್ಟಲೆ ಅಗ್ಗವಾಗಿ ಹಾಸ್ಬೋದು ಅನ್ನೋ ಆಸೆ, ಅದಕ್ಕೆ ಶೇಕಡಾ 5 ರಿಂದ 10 ಮುಟ್ಬೇಕು, ವರ್ಷಗಟ್ಟಲೆ ಬಾಳಿಕೆನೂ ಬರ್ಬೇಕು. ಅದು ಆದ್ರೂ ನಿಮ್ಮ ತಾರಸಿಗಲ್ಲ, ಗೊಬ್ಬರದ ಫ್ಯಾಕ್ಟರಿಗೆ, ಪೆಟ್ರೋಲ್ ರಿಫೈನರಿಗೆ. ನಮ್ಮ ದೇಶದಲ್ಲಿ ಹೈಡ್ರೋಜನ್ ಹೆಚ್ಚು ಖರ್ಚಾಗೋದು ಅಲ್ಲೇ, ನ್ಯಾಚುರಲ್ ಗ್ಯಾಸಿಂದ ಅದನ್ನ ಮಾಡೋವಾಗ ಕೆಜಿಗೆ 9-10 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗತ್ತೆ.

ಪ್ರ: 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕೈಮುಗಿದು ನಿಂತೋರು ನಾವು. ಕುಡಿಯೋಕೇ ನೀರಿಲ್ಲ, ಅದರಲ್ಲಿ ಇಂಧನ ಮಾಡ್ತಾರಂತೆ! (ಗೃಹಿಣಿ, ಮಹದೇವಪುರ)

ಉ: ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದ್ರೆ ಲೆಕ್ಕ ನೋಡಿ ನನಗೂ ಆಶ್ಚರ್ಯ ಆಯ್ತು. ಒಂದು ಕೆಜಿ ಹೈಡ್ರೋಜನ್‌ಗೆ 9 ಲೀಟರ್ ನೀರು ಒಡೆದ್ರೆ ಸಾಕು. ಮೇಲಿನ ತಾರಸಿಯ 75 ಗ್ರಾಂಗೆ ಮುಕ್ಕಾಲು ಲೀಟರೂ ಬೇಡ, ಒಂದ್ಸಲ ಫ್ಲಶ್ ಮಾಡಿದ್ರೆ ಅದರ ಸುಮಾರು ಹತ್ತು ಪಟ್ಟು ಹೋಗತ್ತೆ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಒಪ್ಪಿದ ಹಸಿರು ಹೈಡ್ರೋಜನ್ ಮಿಷನ್ ಇದೆಯಲ್ಲ, 19,744 ಕೋಟಿ ರೂಪಾಯಿದು, 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಅಷ್ಟಕ್ಕೂ ಒಡೆಯೋಕೆ ಬೇಕಾಗೋ ನೀರು 4,500 ಕೋಟಿ ಲೀಟರ್. ಕಾವೇರಿ ನೀರಿನ ಯೋಜನೆಯ ಐದನೇ ಹಂತ ಬರೋಕೆ ಮುಂಚೆ ಬೆಂಗಳೂರಿಗೆ ದಿನಕ್ಕೆ ಸುಮಾರು 145 ಕೋಟಿ ಲೀಟರ್ ಕಾವೇರಿ ಬರ್ತಿತ್ತು, ಅಂದ್ರೆ ಇಡೀ ದೇಶದ ಒಂದು ವರ್ಷದ ಗುರಿಗೆ ನಮ್ಮ ಊರಿನ ಒಂದು ತಿಂಗಳ ಕಾವೇರಿ. ಶುದ್ಧ ಮಾಡೋದು, ತಂಪು ಮಾಡೋದು ಸೇರಿದ್ರೆ ಅದರ ಎರಡು ಮೂರು ಪಟ್ಟು ಆಗ್ಬೋದು.

ತೊಂದರೆ ಇರೋದು ನೀರಿನ ಗುಣದಲ್ಲಿ. ನಿಮ್ಮ ಬೋರ್ ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳಿ ಹೆಪ್ಪು ಕಟ್ಟತ್ತಲ್ಲ, ಪುಡಿ ಮೇಲೂ ಅದೇ ಥರ ಕಟ್ಟಿದ್ರೆ ಬೆಳಕು ಒಳಗೆ ಹೋಗಲ್ಲ. ಸಮುದ್ರದ ನೀರು ಹಾಕಿದ್ರೆ ಹೋಲ್‌ಗಳು ಉಪ್ಪಿನ ಕ್ಲೋರೈಡ್‌ಗೆ ಕೈ ಹಾಕಿ ಆಮ್ಲಜನಕದ ಬದಲು ಕ್ಲೋರಿನ್ ಬಿಡಬಹುದು. ಮತ್ತೆ ಅದೇ ಆಮ್ಲಜನಕದ ಕಡೆ ರಗಳೆ!

ಪ್ರ: ಹೈಡ್ರೋಜನ್, ಆಮ್ಲಜನಕ ಎರಡೂ ಒಂದೇ ಡಬ್ಬದಲ್ಲಿ ಬಂದ್ರೆ ಬಾಂಬ್ ಅಲ್ವಾ ಅದು? (ಓದುಗರು, ಕೆಂಗೇರಿ)

ಉ: ಬಾಂಬೇ. ಗಾಳಿಯಲ್ಲಿ ಹೈಡ್ರೋಜನ್ ಶೇಕಡಾ 4 ರಿಂದ 75ರ ತನಕ ಎಷ್ಟಿದ್ರೂ ಹತ್ತಿಕೊಳತ್ತೆ, ಇಲ್ಲಂತೂ ಸರಿಯಾಗಿ ಎರಡಕ್ಕೊಂದು ಬೆರೆತು ರೆಡಿ ಇರತ್ತೆ. ಜಪಾನಿನವರು ಪ್ಯಾನೆಲ್ ಗಾಜಿಗೂ ಪುಡಿ ಶೀಟಿಗೂ ನಡುವೆ ಮಿಲಿಮೀಟರಿನ ಹತ್ತನೇ ಒಂದು ಭಾಗ ಅಷ್ಟೇ ಸಂದು ಬಿಟ್ಟಿದ್ರು, ಅಷ್ಟು ಇಕ್ಕಟ್ಟಲ್ಲಿ ಬೆಂಕಿ ಹರಡೋದು ಕಷ್ಟ. ಹೊರಗೆ ಬಂದ ಗ್ಯಾಸಿಂದ ಪಾಲಿಇಮೈಡ್ ಪೊರೆ ಮೂಲಕ ಹೈಡ್ರೋಜನ್ ಸೋಸಿದ್ರು. ಬೇಕಂತಲೇ ಕಿಡಿ ಹಚ್ಚಿನೂ ನೋಡಿದ್ರು, ವ್ಯವಸ್ಥೆ ತಡ್ಕೊಂಡಿತು. ಹಾಗಂತ ನೀವು ಮನೇಲಿ ಜಾಮ್ ಬಾಟಲಲ್ಲಿ ಟ್ರೈ ಮಾಡೋಕೆ ಹೋಗ್ಬೇಡಿ.

ಪ್ರ: ನಮ್ಮ ಬೆಂಗಳೂರಲ್ಲಿ ಯಾರಾದ್ರೂ ಇದನ್ನ ಮಾಡ್ತಿದಾರಾ ಅಥವಾ ಎಲ್ಲಾ ಜಪಾನೇನಾ? (ಐಟಿ ಉದ್ಯೋಗಿ, ಎಲೆಕ್ಟ್ರಾನಿಕ್ಸ್ ಸಿಟಿ)

ಉ: ಯಾಕಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಭಾರತ ರತ್ನ ಸಿ.ಎನ್.ಆರ್. ರಾವ್ ಅವರ ತಂಡ ಇದರ ಮೇಲೆ ಕೆಲಸ ಮಾಡಿದೆ. ಒಂದೇ ಪುಡಿಯಿಂದ ಎಲ್ಲಾ ಕೆಲಸ ಮಾಡಿಸೋ ಬದಲು ಎರಡು ಸೆಮಿಕಂಡಕ್ಟರ್ ಅಂಟಿಸಿ, ಮಧ್ಯೆ ಪ್ಲಾಟಿನಂ ಚುಕ್ಕೆ ಇಟ್ಟು, ಎದ್ದ ಎಲೆಕ್ಟ್ರಾನ್ ಒಂದು ಕಡೆ ಹೋಲ್ ಇನ್ನೊಂದು ಕಡೆ ಹೋಗೋ ಹಾಗೆ ಮಾಡೋದು, ಬಸ್ಸಿಂದ ಇಳಿದ ತಕ್ಷಣ ಬಾಗಿಲು ಹಾಕಿದ ಹಾಗೆ.

ಟಾಟಾ ಇನ್‌ಸ್ಟಿಟ್ಯೂಟಲ್ಲಿ, ಅದೇ ಐಐಎಸ್ಸಿಯಲ್ಲಿ, ಬೇರೆ ದಾರಿನೇ ಹಿಡಿದಿದಾರೆ. ಪುಡಿನೂ ಇಲ್ಲ, ದೀಪಾನೂ ಇಲ್ಲ, ಕೃಷಿ ತ್ಯಾಜ್ಯ, ಸೌದೆ ಚೂರನ್ನ ಹಬೆ ಆಮ್ಲಜನಕ ಕೊಟ್ಟು ಗ್ಯಾಸ್ ಮಾಡೋದು. ಒಂದು ಕೆಜಿ ಸೌದೆಯಲ್ಲಿ ಇರೋದೇ 60 ಗ್ರಾಂ ಹೈಡ್ರೋಜನ್, ಅವರು ತೆಗೆದಿದ್ದು 100 ಗ್ರಾಂ, ಮಿಕ್ಕಿದ್ದು ಹಬೆಯ ನೀರಿಂದ ಬಂತು. ಅಲ್ಲೂ ನೀರು ಒಡೀತು, ಆಮ್ಲಜನಕವನ್ನ ಹೊರಗೆ ಬಿಡೋ ತಲೆನೋವಿಲ್ಲ, ಅದನ್ನ ಸೌದೆಯ ಇಂಗಾಲ ಹಿಡ್ಕೊಂಡು ಹೋಯ್ತು. ಸದ್ಯಕ್ಕೆ ಪುಡಿಗಿಂತ ಇದೇ ನಮ್ಮ ಹಳ್ಳಿಗಳಿಗೆ ಹತ್ರ ಅನ್ಸತ್ತೆ ನನಗೆ.

ಪ್ರ: ಆಟೋಗೆ ಒಂದು ಕಿಟ್ ಹಾಕಿದ್ರೆ ನೀರಿಂದ ಹೈಡ್ರೋಜನ್ ಆಗಿ ಮೈಲೇಜ್ ಡಬಲ್ ಅಂತ ಒಬ್ಬರು ಹಿಂದೆ ಬಿದ್ದಿದಾರೆ, ಹಾಕಿಸ್ಲಾ? (ಆಟೋ ಚಾಲಕರು, ಯಶವಂತಪುರ)

ಉ: ಬೇಡ ಅಣ್ಣ. ಆ ಕಿಟ್‌ಗೆ ಕರೆಂಟು ನಿಮ್ಮ ಆಟೋ ಇಂಜಿನ್ನಿಂದ್ಲೇ ಬರ್ಬೇಕು, ಇಂಜಿನ್ ಓಡೋದು ನೀವು ಹಾಕಿಸಿದ ಗ್ಯಾಸಿಂದ. ಎಡಗೈ ಜೇಬಿಂದ ತೆಗೆದು ಬಲಗೈ ಜೇಬಿಗೆ ಹಾಕ್ಕೊಳೋದು, ಮಧ್ಯೆ ಕಮಿಷನ್ ಕಟ್.

ಪ್ರ: ಹೇಗಿದ್ರೂ ಹೈಡ್ರೋಜನ್ ಶೀಟ್ ಬರತ್ತಲ್ಲ ಅಂತ ಸೋಲಾರ್ ಹಾಕಿಸೋದನ್ನ ಮುಂದಕ್ಕೆ ಹಾಕಿದೀನಿ. ಕಾಯ್ಲಾ? (ಓದುಗರು, ಬನಶಂಕರಿ)

ಉ: ಏನಕ್ಕೆ ಕಾಯ್ತೀರ ಸ್ವಾಮಿ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ತನಕ ಸಬ್ಸಿಡಿ ಇಟ್ಟಿದಾರೆ, ಸದ್ಯ ಎಷ್ಟಿದೆ ವಿಚಾರಿಸಿ ಅರ್ಜಿ ಹಾಕಿ. ಪಕ್ಕದ ಮನೆಯವರು ಇನ್ನೊಂದು ಫ್ಲೋರ್ ಎತ್ತೋ ಪ್ಲಾನಲ್ಲಿದಾರಾ ಅಂತ ಮಾತ್ರ ಮೊದಲು ಕೇಳ್ಕೊಂಡು ಬನ್ನಿ, ನಮ್ಮ ಬೀದೀಲಿ ಒಬ್ಬರದ್ದು ಹಾಗೇ ಆಗಿ ಮಧ್ಯಾಹ್ನ ಮೂರು ಗಂಟೆಗೇ ನೆರಳು ಬೀಳ್ತಿದೆ.